ಇಂಡಿಕೇಟರ್ ಹಾಕಿದ್ರೆ ಹಿಂದಿನ ದೀಪವೂ ಮಿಣಕ್ತಿದೆಯಾ? ಬಲ್ಬ್ ತರೋಕೆ ಓಡ್ಬೇಡಿ

ಆಫೀಸಲ್ಲಿ ಸೌಂಡ್ ಹಾಕ್ಕೊಂಡು ವಿಡಿಯೋ ನೋಡೋಕಾಗದವರಿಗೆ ಬನಾರಸ್‌ನ ಈ ಮಾತನ್ನ ಇಲ್ಲಿ ಬರೆದು ಹಾಕಿದ್ದೀನಿ.

ಗಾಡಿ ನಮ್ಮ ಮನೆ ಓನರ್‌ದು, ಹಳೇ ಪಿಕಪ್. ಬೆಳಗಿನ ಜಾವ ಮಲದಹಿಯಾ ಮಂಡಿಗೆ ಚೆಂಡು ಹೂವು ಸಾಗಿಸ್ತಾರೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಕವಿಯೋ ಮಂಜು ಬೆಂಗಳೂರಿನ ಥರದ್ದಲ್ಲ. ಮುಂದೆ ಗಾಡಿ ಇದೆ ಅಂತ ಗೊತ್ತಾಗೋದೇ ಅದರ ಕೆಂಪು ದೀಪದಿಂದ. ಇವರದ್ದು ಬೀಡಿ ಕೆಂಡದಷ್ಟು ಉರೀತಿತ್ತು. "ಭಯ್ಯಾ, ಮೂರು ಸಲ ಬಲ್ಬ್ ಬದಲಾಯಿಸಿದೆ" ಅಂದ್ರು. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡ್ತಾ ಕೂತ ಹಾಗೆ!

ಬಲ್ಬ್‌ಗೆ ಕರೆಂಟ್ ವೈರಲ್ಲಿ ಬರುತ್ತೆ, ವಾಪಸ್ ಹೋಗೋದು ಚಾಸಿ ಮೂಲಕ. ಮೆಕ್ಯಾನಿಕ್‌ಗಳು ಇದನ್ನೇ ಅರ್ಥ್ ಅನ್ನೋದು. ಒದ್ದೆ ಹೂವಿನ ಮೂಟೆಯ ನೀರು ಸೋರಿ ಸೋರಿ ಅರ್ಥ್ ವೈರ್ ಕೂರೋ ಬೋಲ್ಟ್ ತುಕ್ಕು ಹಿಡಿದಿತ್ತು, ಹೋಲ್ಡರ್ ಒಳಗೆ ಹಸಿರು ಪುಡಿ. ಬ್ರೇಕ್ ಲೈಟು 21 ವ್ಯಾಟ್, ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 7 ಓಮ್. ತುಕ್ಕು ಇನ್ನೊಂದು ಓಮ್ ಸೇರಿಸಿದ್ರೆ 12 ವೋಲ್ಟ್‌ನಲ್ಲಿ ಬಲ್ಬ್‌ಗೆ ಸಿಗೋದು ಹತ್ತೂವರೆ. ಅಷ್ಟೇ ತಾನೆ ಅನ್ಬೇಡಿ. ವೋಲ್ಟೇಜ್‌ಗಿಂತ ಬೆಳಕು ತುಂಬಾ ಬೇಗ ಇಳಿಯುತ್ತೆ, ಮೂರರಲ್ಲಿ ಒಂದು ಪಾಲು ಹೋಯ್ತು.

ಒಂದೇ ಡಬ್ಬಿಯ ದೀಪಗಳಿಗೆಲ್ಲ ಸಾಮಾನ್ಯವಾಗಿ ಅರ್ಥ್ ಒಂದೇ. ಅದು ಕೆಟ್ಟರೆ ಇಂಡಿಕೇಟರ್ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟ್ ಮೂಲಕ ದಾರಿ ಹುಡುಕ್ಕೊಳ್ಳುತ್ತೆ. ಅದಕ್ಕೇ ಎರಡೂ ಒಟ್ಟಿಗೆ ಮಿಣಕೋದು.

ಖಾತ್ರಿ ಮಾಡ್ಕೊಳ್ಳೋಕೆ ದೀಪ ಹಾಕಿಟ್ಟು, ಮಲ್ಟಿಮೀಟರಿನ ಒಂದು ತುದಿ ಹೋಲ್ಡರಿನ ಲೋಹಕ್ಕೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಹಿಡೀರಿ. ಸೊನ್ನೆಯ ಹತ್ತಿರ ಇರಬೇಕು. ನಮಗೆ ಬಂದಿದ್ದು 1.6! ಮೀಟರ್ ಇಲ್ವಾ? ಅದೇ ಎರಡು ಜಾಗಕ್ಕೆ ಒಂದು ವೈರ್ ಮುಟ್ಟಿಸಿ. ದೀಪ ತಟ್ಟನೆ ಜೋರಾದ್ರೆ ಕಳ್ಳ ಸಿಕ್ಕಿದ.

ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿ ಮೈನಸ್ ಬಿಚ್ಚಿ. ಬೋಲ್ಟ್ ತೆಗೆದು, ಬಣ್ಣವೂ ತುಕ್ಕೂ ಹೋಗಿ ಕಬ್ಬಿಣ ಹೊಳೆಯೋವರೆಗೂ ಸ್ಯಾಂಡ್ ಪೇಪರಲ್ಲಿ ಉಜ್ಜಿ. ವೈರ್ ಒಳಗೆ ಕಪ್ಪಾಗಿದ್ರೆ ಕೆಂಪು ತಾಮ್ರ ಕಾಣೋ ತನಕ ಕತ್ತರಿಸಿ, ಹೊಸ ಟರ್ಮಿನಲ್ ಹಾಕಿ. ಬೋಲ್ಟ್ ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಬಳೀರಿ. ಹೋಲ್ಡರನ್ನ ಬ್ರಷ್‌ನಿಂದ ಉಜ್ಜಿದ್ರೆ ಸಾಕು. ನಿಂಬೆಹಣ್ಣು ಹಾಕಿದ್ರೆ ಚೆನ್ನಾಗಿ ತೊಳೆದು ಒಣಗಿಸಿ, ಉಳಿದ ಹುಳಿ ಮತ್ತೆ ತಿನ್ನುತ್ತೆ. ಸ್ಪ್ರಿಂಗ್ ಸತ್ತ ಹೋಲ್ಡರ್ ಮೇಲೆ ಮಾತ್ರ ಟೈಮ್ ವೇಸ್ಟ್ ಮಾಡ್ಬೇಡಿ, ಹೊಸದು ಹಾಕಿ.

ಉಡುಪಿ, ಕಾರವಾರದ ಕಡೆ ಅಪ್ಪನ ಹಳೇ ಕಾರು ನಿಲ್ಸಿ ಬಂದವರು ಮುಂದಿನ ರಜೆಗೆ ಹೋದಾಗ ಇದನ್ನೊಮ್ಮೆ ನೋಡಿ. ಉಪ್ಪುಗಾಳಿ ಚೆಂಡು ಹೂವಿನ ನೀರಿಗಿಂತ ಕೆಟ್ಟದ್ದು.

ಕೊನೇದಾಗಿ, ನೀರು ನುಗ್ಗುತ್ತೆ ಅಂತ ದೀಪದ ಗಾಜಿನ ಸುತ್ತ ಸಿಲಿಕೋನ್ ಮೆತ್ತೋರಿದ್ದಾರೆ. ಮೇಲೆ, ಪಕ್ಕದಲ್ಲಿ ಹಾಕಿ, ಪರವಾಗಿಲ್ಲ. ಕೆಳಗಿರೋ ಸಣ್ಣ ತೂತು ಮುಚ್ಚಬೇಡಿ, ಒಳಗೆ ಕೂತ ನೀರು ಹೊರಗೆ ಹೋಗೋದು ಅಲ್ಲಿಂದಲೇ.