ಹಲ್ಲಿನ ಸಾಕ್ಷಿ ಎಷ್ಟು ಗಟ್ಟಿ?

1849ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ನಗರದ ಸಿರಿವಂತ ವೈದ್ಯ ಜಾರ್ಜ್ ಪಾರ್ಕ್‌ಮನ್ ಕಾಣೆಯಾದ. ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜಾನ್ ವೆಬ್‌ಸ್ಟರ್ ಅವನಿಗೆ ಸಾಲ ತೀರಿಸಬೇಕಿತ್ತು. ವಸೂಲಿಗೆಂದು ಕಾಲೇಜಿಗೆ ಹೋದವನು ತಿರುಗಿ ಬರಲಿಲ್ಲ. ವಾರ ಕಳೆದ ಮೇಲೆ ಕಾಲೇಜಿನ ಜವಾನ ಅನುಮಾನಪಟ್ಟು, ವೆಬ್‌ಸ್ಟರ್‌ನ ಕೋಣೆಗೆ ಸೇರಿದ ಪಾಯಖಾನೆಯ ಗೋಡೆಯನ್ನು ಕೆಳಗಿನಿಂದ ಒಡೆದು ನೋಡಿದ. ಮನುಷ್ಯದೇಹದ ತುಂಡುಗಳು ಸಿಕ್ಕವು. ತಲೆ ಸಿಗಲಿಲ್ಲ. ಪ್ರಯೋಗಾಲಯದ ಕುಲುಮೆಯ ಬೂದಿ ಕೆದಕಿದಾಗ ಸುಟ್ಟ ಮೂಳೆಚೂರುಗಳ ನಡುವೆ ಕಟ್ಟಿಸಿದ ಹಲ್ಲುಗಳ ತುಂಡುಗಳಿದ್ದವು.

ಆ ತುಂಡುಗಳನ್ನು ನೋಡಿದ ದಂತವೈದ್ಯ ನೇಥನ್ ಕೀಪ್, ಇವು ನಾನೇ ಮಾಡಿಕೊಟ್ಟವು ಎಂದ. ಪಾರ್ಕ್‌ಮನ್‌ನ ಕೆಳದವಡೆ ಮುಂದಕ್ಕೆ ಚಾಚಿಕೊಂಡಿತ್ತು. ಅಂಥ ಬಾಯಿಗೆ ಸೆಟ್ಟು ಕೂರಿಸುವುದು ಸುಲಭವಲ್ಲ. 1846ರಲ್ಲಿ ಕಾಲೇಜಿನ ಹೊಸ ಕಟ್ಟಡದ ಉದ್ಘಾಟನೆಗೆ ಹೊಸ ಹಲ್ಲು ಬೇಕೆಂದು ಅವನು ಅವಸರ ಮಾಡಿದ್ದ. ಕಟ್ಟಡ ಎದ್ದ ಜಾಗ ಅವನೇ ಕೊಟ್ಟದ್ದು. ಸೆಟ್ಟು ಹಾಕಿಕೊಂಡ ಮೇಲೆ ನಾಲಿಗೆ ಹೊರಳಿಸಲು ಜಾಗ ಸಾಲದು ಎಂದು ದೂರಿದಾಗ ಕೀಪ್ ಕೆಳಸಾಲಿನ ಒಳಬದಿಯನ್ನು ಉಜ್ಜಿ ಸವೆಸಿಕೊಟ್ಟಿದ್ದ. ಕುಲುಮೆಯಿಂದ ಬಂದ ತುಂಡಿನಲ್ಲಿ ಆ ಸವೆತ ಹಾಗೆಯೇ ಇತ್ತು. ಸೆಟ್ಟು ಮಾಡುವಾಗ ತೆಗೆದ ಪ್ಲಾಸ್ಟರ್ ಅಚ್ಚನ್ನೂ ಕೀಪ್ ಎಸೆದಿರಲಿಲ್ಲ. ನ್ಯಾಯಾಲಯದಲ್ಲಿ ತುಂಡನ್ನು ಅಚ್ಚಿನ ಮೇಲಿಟ್ಟು ತೋರಿಸಿದ. ಹೊಂದಿತು. ಸಾಕ್ಷಿ ಹೇಳುತ್ತಲೇ ಅವನು ಅತ್ತನಂತೆ. 1850ರ ಆಗಸ್ಟ್ 30ರಂದು ವೆಬ್‌ಸ್ಟರ್‌ನನ್ನು ಗಲ್ಲಿಗೇರಿಸಲಾಯಿತು. ಅದಕ್ಕೆ ಮುಂಚೆ ಅವನು ತಪ್ಪೊಪ್ಪಿಕೊಂಡಿದ್ದ.

ಹಲ್ಲಿನಿಂದ ಗುರುತು ಹಿಡಿಯುವ ಮಾತು ಬಂದಾಗಲೆಲ್ಲ ಈ ಪ್ರಕರಣವನ್ನು ಹೇಳುತ್ತಾರೆ, ಹಲ್ಲು ಬೆಂಕಿಯನ್ನು ಗೆದ್ದ ಕಥೆಯಾಗಿ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಮೂರು ವರ್ಷ ಜೋಪಾನವಾಗಿ ಉಳಿದ ಆ ಪ್ಲಾಸ್ಟರ್ ಅಚ್ಚು. ಅದಿಲ್ಲದೆ ಹೋಗಿದ್ದರೆ ಕುಲುಮೆಯ ತುಂಡುಗಳು ಯಾರೋ ಒಬ್ಬರ ಹಲ್ಲು, ಅಷ್ಟೇ.

ಹಲ್ಲು ಗಟ್ಟಿ ಎಂಬುದರಲ್ಲಿ ಸಂಶಯವಿಲ್ಲ. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ಮಣ್ಣಿನಲ್ಲಿ, ನೀರಿನಲ್ಲಿ ಮಾಂಸ ಕೊಳೆತು ಹೋದರೂ ಅದು ಉಳಿಯುತ್ತದೆ. ಬೆಂಕಿಯಲ್ಲಿ ಮುಂಬಲ್ಲುಗಳು ಬೇಗ ಸಿಡಿಯುತ್ತವೆ. ದವಡೆ ಹಲ್ಲುಗಳಿಗೆ ಕೆನ್ನೆ, ನಾಲಿಗೆಗಳ ಮರೆ ಇರುವುದರಿಂದ ಅವು ಹೆಚ್ಚು ಹೊತ್ತು ತಡೆಯುತ್ತವೆ. ಬಾಯೊಳಗೆ ಡಾಕ್ಟರು ಕೂರಿಸಿದ ವಸ್ತುಗಳಂತೂ ಇನ್ನೂ ಹಟಮಾರಿ. ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು, ಇಂಪ್ಲಾಂಟಿನ ಟೈಟಾನಿಯಂಗೆ 1,668 ಡಿಗ್ರಿ. 1897ರ ಮೇ 4ರಂದು ಪ್ಯಾರಿಸ್ಸಿನ ಧರ್ಮಾರ್ಥ ಮೇಳವೊಂದಕ್ಕೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಒಡವೆ, ಬಟ್ಟೆಗಳಿಂದ ಗುರುತು ಸಿಗದೆ ಉಳಿದ ದೇಹಗಳಿಗೆ ದಂತವೈದ್ಯರನ್ನು ಕರೆಸಿ ಎಂದು ಸಲಹೆ ಕೊಟ್ಟವರು ಪರಾಗ್ವೆ ದೇಶದ ರಾಯಭಾರ ಅಧಿಕಾರಿ. ಆಸ್ಟ್ರಿಯಾದ ಸಾಮ್ರಾಜ್ಞಿಯ ತಂಗಿ, ಅಲಾನ್ಸೋನ್‌ನ ಡಚೆಸ್, ಹೀಗೆ ಗುರುತು ಸಿಕ್ಕವರಲ್ಲಿ ಒಬ್ಬಳು. ಆ ಅನುಭವದ ಹಿನ್ನೆಲೆಯಲ್ಲಿ ಆಸ್ಕರ್ ಅಮೊಯೆಡೊ ಎಂಬ ಕ್ಯೂಬಾ ಮೂಲದ ದಂತವೈದ್ಯ ಮರುವರ್ಷ ಪುಸ್ತಕವನ್ನೇ ಬರೆದ. ಇಂದು ನ್ಯಾಯದಂತವಿಜ್ಞಾನ ಎನ್ನುವ ಶಾಖೆ ಅವನನ್ನು ಪಿತಾಮಹ ಎನ್ನುತ್ತದೆ.

ಕೆಲಸ ನಡೆಯುವ ರೀತಿ ಕೇಳಲು ಸರಳ. ಶವದ ಬಾಯಿಯ ಚಿತ್ರ ಒಂದು ಕಡೆ, ಬದುಕಿದ್ದಾಗಿನ ಚಿಕಿತ್ಸೆಯ ದಾಖಲೆ ಇನ್ನೊಂದು ಕಡೆ. ಇಂಟರ್‌ಪೋಲ್‌ನ ನಮೂನೆಗಳಲ್ಲಿ ಬದುಕಿದ್ದಾಗಿನ ವಿವರಕ್ಕೆ ಹಳದಿ ಹಾಳೆ, ಸತ್ತ ಮೇಲಿನದಕ್ಕೆ ಗುಲಾಬಿ. ಪ್ರತಿ ಹಲ್ಲಿಗೂ ಎರಡು ಅಂಕಿಯ ಸಂಖ್ಯೆ: ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂಬುದಕ್ಕೆ, ಎರಡನೆಯದು ನಡುಗೆರೆಯಿಂದ ಎಷ್ಟನೆಯ ಹಲ್ಲು ಎಂಬುದಕ್ಕೆ. 36 ಎಂದರೆ ಎಡಗಡೆ ಕೆಳಗಿನ ಆರನೆಯದು, ಮಕ್ಕಳಲ್ಲಿ ಬೇಗ ಹುಟ್ಟಿ ಬೇಗ ಹುಳುಕು ಹಿಡಿಯುವ ದವಡೆ ಹಲ್ಲು. ಅದಕ್ಕೆ ಸಿಮೆಂಟ್ ತುಂಬಿಸಿದೆಯೇ, ಯಾವ ಮಗ್ಗುಲಲ್ಲಿ, ರೂಟ್ ಕೆನಾಲ್ ಆಗಿದೆಯೇ, ಕ್ಯಾಪ್ ಇದೆಯೇ? 32 ಹಲ್ಲುಗಳಿಗೂ ಹೀಗೆ ಕೇಳುತ್ತ ಹೋದರೆ ಇಬ್ಬರ ಬಾಯಿ ಒಂದೇ ಥರ ಇರುವ ಸಾಧ್ಯತೆ ತೀರ ಕಡಿಮೆಯಾಗುತ್ತದೆ. ಎಕ್ಸ್-ರೇ ಇದ್ದರಂತೂ ಬೇರಿನ ಬಾಗು, ತುಂಬಿಸಿದ ಸಿಮೆಂಟಿನ ಅಂಚು ಎಲ್ಲವೂ ತಾಳೆಗೆ ಬರುತ್ತವೆ.

ಇಲ್ಲೊಂದು ಸೊಗಸಾದ ತರ್ಕವಿದೆ. ದಾಖಲೆಯಲ್ಲಿ ಸರಿಯಿದ್ದ ಹಲ್ಲು ಶವದಲ್ಲಿ ಇಲ್ಲದಿದ್ದರೆ ಗಾಬರಿಯಿಲ್ಲ, ಆಮೇಲೆ ಕೀಳಿಸಿರಬಹುದು. ದಾಖಲೆಯಲ್ಲಿ ಕೀಳಿಸಿದ್ದು ಎಂದಿರುವ ಹಲ್ಲು ಶವದಲ್ಲಿ ಇದ್ದರೆ ಮಾತು ಅಲ್ಲಿಗೇ ಮುಗಿಯಿತು, ಇವನು ಅವನಲ್ಲ. ಬರೆದವರು ಸಂಖ್ಯೆ ತಪ್ಪಿರದಿದ್ದರೆ, ಹತ್ತು ಹೋಲಿಕೆಗಳಿದ್ದರೂ ಇಂಥ ಒಂದು ವ್ಯತ್ಯಾಸ ಎಲ್ಲವನ್ನೂ ತಳ್ಳಿಹಾಕುತ್ತದೆ.

ಬೆರಳಚ್ಚು, ಡಿಎನ್‌ಎಗಳ ಸಾಲಿನಲ್ಲೇ ಹಲ್ಲನ್ನೂ ಇಂಟರ್‌ಪೋಲ್ ಪ್ರಾಥಮಿಕ ಗುರುತೆಂದು ಒಪ್ಪುತ್ತದೆ. 2004ರ ಸುನಾಮಿಯ ನಂತರ ಥಾಯ್ಲೆಂಡ್‌ನಲ್ಲಿ ಮೊದಲ ತಿಂಗಳುಗಳ ಬಹುಪಾಲು ಗುರುತುಗಳು ಹಲ್ಲಿನಿಂದಲೇ ಸಿಕ್ಕವು. ಹೀಗೆ ಗುರುತು ಸಿಕ್ಕವರಲ್ಲಿ ಹೆಚ್ಚಿನವರು ಯುರೋಪಿನ ಪ್ರವಾಸಿಗಳು. ಅವರ ಊರಿನ ಕ್ಲಿನಿಕ್ಕುಗಳಲ್ಲಿ ಕಡತಗಳಿದ್ದವು. ಪಕ್ಕದಲ್ಲೇ ಮಲಗಿದ್ದ ಥಾಯ್ ಮೀನುಗಾರನ ಹಲ್ಲೂ ಅಷ್ಟೇ ಗಟ್ಟಿಯಾಗಿತ್ತು. ತಾಳೆ ನೋಡಲು ಕಾಗದ ಇರಲಿಲ್ಲ.

ನಮ್ಮ ಸ್ಥಿತಿ ಆ ಮೀನುಗಾರನದೇ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು, 8 ಮಂದಿ ಉಳಿದರು. ಬಹಳಷ್ಟು ದೇಹಗಳನ್ನು ಮನೆಯವರು ಕಣ್ಣಳತೆಯಲ್ಲೇ ಗುರುತಿಸಿ ಒಯ್ದರು. ಆ ದುಃಖದ ಗಳಿಗೆಯಲ್ಲಿ ಸುಟ್ಟ ದೇಹದ ಮೇಲಿನ ಬಟ್ಟೆ ಚೂರು, ಉಂಗುರ ನೋಡಿ ಹೌದೆನ್ನುವುದು ಸಹಜ. ಅದಲುಬದಲಾಗುವ ಅಪಾಯವೂ ಅಲ್ಲೇ. ಕೊನೆಗೆ ಡಿಎನ್‌ಎ ಪರೀಕ್ಷೆಯ ಮೇಲೂ 12 ದೇಹಗಳು ಯಾರವೆಂದು ತಿಳಿಯದೆ ಉಳಿದು, ಫಲ್ಗುಣಿ ನದಿಯ ದಡದಲ್ಲಿ ಸಾಮೂಹಿಕವಾಗಿ ಮಣ್ಣಾದವು. ಡಿಎನ್‌ಎ ಬಂದ ಮೇಲೆ ಹಲ್ಲೇಕೆ ಎನ್ನುವವರಿಗೆ ಒಂದು ಮಾತು: ತೀರ ಸುಟ್ಟ ದೇಹದಲ್ಲಿ ಡಿಎನ್‌ಎ ಕೂಡ ಹಲವು ಸಲ ಹಲ್ಲಿನ ತಿರುಳಿನಿಂದಲೇ ಸಿಗಬೇಕು. 2025ರ ಅಹಮದಾಬಾದ್ ವಿಮಾನ ದುರಂತದಲ್ಲಿ ದಂತವೈದ್ಯರು ಹಲ್ಲುಗಳನ್ನು ಸಂಗ್ರಹಿಸಿದ್ದು ಅದಕ್ಕೇ.

ಇಷ್ಟರವರೆಗೆ ಹಲ್ಲನ್ನು ಹೊಗಳಿದ್ದಾಯಿತು. ಹಲ್ಲು ಚರ್ಮದ ಮೇಲೆ ಬಿಟ್ಟ ಗುರುತಿನ ವಿಷಯಕ್ಕೆ ಬಂದರೆ ಹೊಗಳಿಕೆ ಅಲ್ಲಿಗೇ ನಿಲ್ಲಬೇಕು. ಓದುಗರಲ್ಲಿ ಅನೇಕರು ಎರಡನ್ನೂ ಒಂದೇ ವಿದ್ಯೆ ಎಂದುಕೊಂಡಿರುತ್ತಾರೆ. 1991ರ ಕೊನೆಯಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಬಾರ್ ಒಂದರ ನೌಕರಳ ಕೊಲೆಯಾಯಿತು. ದೇಹದ ಮೇಲೆ ಕಚ್ಚಿದ ಗಾಯವಿತ್ತು. ರೇ ಕ್ರೋನ್ ಎಂಬ ಅಂಚೆ ನೌಕರನ ಮುಂಬಲ್ಲುಗಳು ಸೊಟ್ಟಗಿದ್ದವು. ಪೊಲೀಸರು ಥರ್ಮೋಕೋಲ್‌ನಂಥ ಹಾಳೆಯನ್ನು ಅವನಿಂದ ಕಚ್ಚಿಸಿ ಹೋಲಿಸಿದರು, ತಜ್ಞರು ತಾಳೆಯಾಗುತ್ತದೆ ಎಂದರು, ಮರಣದಂಡನೆಯಾಯಿತು. ಹತ್ತು ವರ್ಷ ಜೈಲಿನಲ್ಲಿದ್ದ ಮೇಲೆ, 2002ರಲ್ಲಿ, ಡಿಎನ್‌ಎ ಬೇರೊಬ್ಬನ ಕಡೆ ಬೆರಳು ತೋರಿಸಿತು.

ತಪ್ಪಿನ ಮೂಲ ಚರ್ಮದಲ್ಲಿದೆ. ಅದು ಅಚ್ಚು ತೆಗೆಯುವ ಮೇಣವಲ್ಲ: ಎಳೆಯುತ್ತದೆ, ಊದುತ್ತದೆ, ಹೆಪ್ಪುಗಟ್ಟಿದ ರಕ್ತ ಪಕ್ಕಕ್ಕೆ ಹರಡುತ್ತದೆ. ಕಚ್ಚುವಾಗ ತಾಗುವುದು ಹೆಚ್ಚೆಂದರೆ ಮುಂದಿನ ಹತ್ತು ಹನ್ನೆರಡು ಹಲ್ಲು. ಸಿಮೆಂಟ್, ರೂಟ್ ಕೆನಾಲ್, ಬೇರುಗಳ ಆಕಾರ ಯಾವುದೂ ಗಾಯದಲ್ಲಿ ಮೂಡುವುದಿಲ್ಲ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದರ ಆಧಾರವನ್ನು ಪ್ರಶ್ನಿಸಿತು. 2016ರಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಇನ್ನೂ ಕಟುವಾಗಿ ಬರೆಯಿತು. ಗಾಯ ಮನುಷ್ಯ ಕಚ್ಚಿದ್ದೇ ಅಲ್ಲವೇ ಎಂಬಲ್ಲಿಯೇ ತಜ್ಞರ ನಡುವೆ ಒಮ್ಮತವಿಲ್ಲ ಎಂದು ಮಂಡಳಿ ಎತ್ತಿ ತೋರಿಸಿತು.

ಈ ಪ್ರಶ್ನೆ ಕನ್ನಡ ನೆಲಕ್ಕೂ ತಾಗುತ್ತದೆ. 2012ರ ಡಿಸೆಂಬರ್ 16ರ ದೆಹಲಿ ಬಸ್ ಅತ್ಯಾಚಾರ ಪ್ರಕರಣದಲ್ಲಿ ಸಂತ್ರಸ್ತೆಯ ಮೈಮೇಲಿನ ಕಚ್ಚಿದ ಗಾಯಗಳ ಫೋಟೊಗಳೂ ಆರೋಪಿಗಳ ಹಲ್ಲಿನ ಅಚ್ಚುಗಳೂ ಪರಿಶೀಲನೆಗೆ ಬಂದದ್ದು ಧಾರವಾಡದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿಗೆ. ಅಲ್ಲಿನ ಡಾ. ಆಶಿತ್ ಬಿ. ಆಚಾರ್ಯ ಕೊಟ್ಟ ವರದಿ ಕೆಲವು ಗುರುತುಗಳನ್ನು ಇಬ್ಬರು ಆರೋಪಿಗಳ ಹಲ್ಲಿಗೆ ಹೊಂದಿಸಿತು. 2017ರ ಮೇ 5ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಫೀನಿಕ್ಸ್‌ಗೂ ಇದಕ್ಕೂ ವ್ಯತ್ಯಾಸವಿದೆ. ದೆಹಲಿಯಲ್ಲಿ ಪ್ರಶ್ನೆ ಬಸ್ಸಿನಲ್ಲಿದ್ದ ಕೆಲವೇ ಮಂದಿಯಲ್ಲಿ ಯಾರು ಎಂಬುದಾಗಿತ್ತು. ಡಿಎನ್‌ಎ, ಸಂತ್ರಸ್ತೆಯ ಹೇಳಿಕೆ, ಜೊತೆಗಿದ್ದವನ ಸಾಕ್ಷ್ಯ ಬೇರೆಯಾಗಿಯೇ ನಿಂತಿದ್ದವು. ಫೀನಿಕ್ಸ್‌ನಲ್ಲಿ ಊರಿಗೆ ಊರೇ ಸಂಶಯದ ವ್ಯಾಪ್ತಿಯಲ್ಲಿತ್ತು, ಕೈಯಲ್ಲಿ ಹೆಚ್ಚುಕಡಿಮೆ ಆ ಗಾಯವೊಂದೇ ಇತ್ತು. ಕಚ್ಚಿದ ಗುರುತನ್ನು ಯಾರನ್ನಾದರೂ ಪಟ್ಟಿಯಿಂದ ಕೈಬಿಡಲು ಬಳಸಬಹುದು. ಅದೊಂದರ ಮೇಲೆಯೇ ಒಬ್ಬನಿಗೆ ಶಿಕ್ಷೆ ಕೊಡುವುದು ನನ್ನ ಮಟ್ಟಿಗೆ ಅನ್ಯಾಯ.

ವಯಸ್ಸಿನ ಲೆಕ್ಕವೂ ಹಲ್ಲಿನಲ್ಲಿದೆ. ಇಂಗ್ಲೆಂಡಿನ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದು ಕಾನೂನು ಬಂದಾಗ, ಸುಳ್ಳು ವಯಸ್ಸು ಹಿಡಿಯಲು ಎಡ್ವಿನ್ ಸಾಂಡರ್ಸ್ 1837ರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಹಲ್ಲು ಪರೀಕ್ಷಿಸಿ ಪಾರ್ಲಿಮೆಂಟಿಗೆ ವರದಿ ಕೊಟ್ಟ. ದೊಡ್ಡವರಲ್ಲಿ ಸವೆತ, ಬೇರಿನ ಪಾರದರ್ಶಕತೆ ನೋಡುತ್ತಾರೆ. ಅಂದಾಜು ಹತ್ತು ವರ್ಷ ಆಚೀಚೆ ಆಗುವುದೂ ಉಂಟು. ಅಚ್ಚರಿಯ ನಿಖರತೆ ಬಂದದ್ದು ಅಣುಬಾಂಬಿನಿಂದ. 1955ರಿಂದ 1963ರವರೆಗಿನ ಬಯಲು ಸ್ಫೋಟಗಳು ಗಾಳಿಯಲ್ಲಿನ ಕಾರ್ಬನ್-14ನ್ನು ಏರಿಸಿದವು, ಅಂಥ ಸ್ಫೋಟಗಳಿಗೆ ನಿಷೇಧ ಬಂದ ಮೇಲೆ ಅದು ಇಳಿಯುತ್ತ ಬಂತು. ಎನಾಮೆಲ್ ಒಮ್ಮೆ ಕಟ್ಟಿದ ಮೇಲೆ ಬದಲಾಗದು. ಹಾಗಾಗಿ ಅದರೊಳಗಿನ ಕಾರ್ಬನ್ ಆ ಹಲ್ಲು ರೂಪುಗೊಂಡ ವರ್ಷವನ್ನು ಹೇಳುತ್ತದೆ. 2005ರಲ್ಲಿ ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯವರು ಇದರಿಂದ ಹುಟ್ಟಿದ ವರ್ಷವನ್ನು ಸರಾಸರಿ ಎರಡು ವರ್ಷದೊಳಗಿನ ವ್ಯತ್ಯಾಸದಲ್ಲಿ ಗುರುತಿಸಿದರು. ಇದಕ್ಕೆ ಮಾತ್ರ ಯಾವ ಕ್ಲಿನಿಕ್ಕಿನ ಕಡತವೂ ಬೇಡ. ಆದರೆ ಅದು ಹೇಳುವುದು ವರ್ಷವನ್ನು, ಹೆಸರನ್ನಲ್ಲ.

ಹೆಸರಿಗೆ ಕಾಗದವೇ ಬೇಕು. ಮುಂದಿನ ಸಲ ಹಲ್ಲಿನ ಡಾಕ್ಟರ ಬಳಿ ಹೋದಾಗ, ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್-ರೇ ತೆಗೆದರೆ ಅದರ ಪ್ರತಿ ಕೇಳಿ ಪಡೆಯಿರಿ, ದಿನಾಂಕ ಬರೆಸಿ, ಆಧಾರ್, ಪಾಸ್‌ಪೋರ್ಟುಗಳ ಜೊತೆಗೇ ಇಡಿ. ಮನೆಯ ಹಿರಿಯರಿಗೆ ಸೆಟ್ಟು ಕಟ್ಟಿಸುವಾಗ ಅದರ ಒಳಮೈಯಲ್ಲಿ ಹೆಸರು ಹಾಕಿಕೊಡಲು ಹೇಳಿ. ಮರೆವಿನ ಕಾಯಿಲೆಯಿಂದ ದಾರಿ ತಪ್ಪಿದವರನ್ನು ಮನೆ ಸೇರಿಸಲೂ ಅದು ನೆರವಾದೀತು.