ಯಂತ್ರಕ್ಕೂ ಚಾಲಕನಿಗೂ ನಡುವಣ ಹುರಿ: ಊರಿಗಾಂ ಗಣಿಬಾವಿಯ ಅನುಭವದ ಬೆಳಕಿನಲ್ಲಿ ಹಿಮವಾಹನದ ಒಂದು ಪ್ರಶ್ನೆ

1. ವಿಷಯ ಪ್ರವೇಶ

ಹಿಮ ಮುಚ್ಚಿದ ನಾಡುಗಳಲ್ಲಿ ಸಂಚಾರಕ್ಕಾಗಿ ಬಳಸತಕ್ಕ ಸ್ನೋಮೊಬೈಲ್ ಎಂಬ ವಾಹನದಲ್ಲಿ ಒಂದು ಸಣ್ಣ ಸಾಧನವುಂಟು. ಅದು ಒಂದು ಹುರಿ. ಅದರ ಒಂದು ತುದಿಯನ್ನು ಸವಾರನು ತನ್ನ ಉಡುಪಿಗೋ ಮುಂಗೈಗೋ ಸಿಕ್ಕಿಸಿಕೊಳ್ಳುತ್ತಾನೆ. ಇನ್ನೊಂದು ತುದಿ ವಾಹನದ ಮೇಲಿನ ಸ್ವಿಚ್ಚಿಗೆ ಕೂಡಿಕೊಂಡಿರುತ್ತದೆ. ಸವಾರನು ಆಸನದಿಂದ ಎಸೆಯಲ್ಪಟ್ಟರೆ ಹುರಿ ಸ್ವಿಚ್ಚಿನಿಂದ ಕಳಚಿಕೊಂಡು ಎಂಜಿನ್ನು ನಿಂತುಹೋಗುತ್ತದೆ. ಈ ನಿಲುಗಡೆ ಹುರಿಯನ್ನು ಸವಾರರೆಲ್ಲರೂ ಧರಿಸಬೇಕೇ, ಅಥವಾ ಅದು ಅವರವರ ಇಚ್ಛೆಗೆ ಬಿಟ್ಟ ವಿಷಯವೇ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಹಿಮವನ್ನೇ ಕಾಣದ ಕೋಲಾರ ಜಿಲ್ಲೆಯಲ್ಲಿ ಕುಳಿತು ಇದನ್ನು ಚರ್ಚಿಸುವುದು ಅಸಂಗತವೆಂದು ತೋರಬಹುದು. ಆದರೆ ಪ್ರಶ್ನೆಯ ತಿರುಳು ಹಿಮಕ್ಕೆ ಸೇರಿದುದಲ್ಲ. ನಡೆಸುವವನ ಕೈತಪ್ಪಿದಾಗ ಯಂತ್ರವು ಏನು ಮಾಡಬೇಕು ಎಂಬುದೇ ಆ ತಿರುಳು. ಊರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಎಂಬ ಹೆಸರಿನ ನಾಲ್ಕು ಗಣಿಗಳ ನೆಲದಲ್ಲಿ ಈ ಪ್ರಶ್ನೆಯು ಒಂದು ಶತಮಾನಕ್ಕೂ ಮಿಕ್ಕಿ ದಿನದಿನವೂ ಸಾವಿರಾರು ಜನರ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿತ್ತು. ಅಲ್ಲಿ ದೊರೆತ ಉತ್ತರವನ್ನು ವಿವರಿಸಿ, ಅದು ಹಿಮವಾಹನಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಗಣಿಬಾವಿ ಮತ್ತು ವೈಂಡಿಂಗ್ ಎಂಜಿನ್ನು

ಕೋಲಾರದ ಚಿನ್ನದ ಗಣಿಗಾರಿಕೆಯ ಆಧುನಿಕ ಅಧ್ಯಾಯವು ಮೈಕೇಲ್ ಲವೆಲ್ ಎಂಬಾತನು 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪಡೆದ ಹಕ್ಕಿನಿಂದ ಆರಂಭವಾಯಿತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ನೆಲೆಗೊಂಡವು. 1894ರಲ್ಲಿ ಬೌರಿಂಗ್‌ಪೇಟೆ, ಎಂದರೆ ಇಂದಿನ ಬಂಗಾರಪೇಟೆಯಿಂದ ರೈಲುಮಾರ್ಗವು ಬಂದಿತು; ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳ ಹೆಸರುಗಳು ಆ ಕಾಲವನ್ನು ಇನ್ನೂ ನೆನಪಿಸುತ್ತವೆ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಗಣಿಗಳನ್ನು ಮುಟ್ಟಿತು. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ಸ್ವತ್ತಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪಿತವಾಯಿತು. 2001ರಲ್ಲಿ ಕೆಲಸವು ನಿಂತಿತು. ಆ ವೇಳೆಗೆ ಚಾಂಪಿಯನ್ ರೀಫ್ ಗಣಿಯು ಸುಮಾರು 3,200 ಮೀಟರು ಆಳಕ್ಕೆ ಇಳಿದು, ಪ್ರಪಂಚದ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ಸೇರಿದ್ದಿತು.

ಇಷ್ಟು ಆಳಕ್ಕೆ ಜನರು ಇಳಿಯುತ್ತಿದ್ದುದು ಉಕ್ಕಿನ ಹಗ್ಗಕ್ಕೆ ತೂಗಿಬಿಟ್ಟ ‘ಕೇಜು’ ಎಂಬ ಪಂಜರದಲ್ಲಿ. ಬಾವಿಯ ಬಾಯಿಯ ಮೇಲೆ ಹೆಡ್‌ಗೇರ್ ಎಂಬ ಎತ್ತರವಾದ ಗೋಪುರ; ಅದರ ತುದಿಯಲ್ಲಿ ದೊಡ್ಡ ಗಾಲಿ; ಗಾಲಿಯ ಮೇಲೆ ಹಾದುಬಂದ ಹಗ್ಗವು ಎಂಜಿನ್ ಮನೆಯಲ್ಲಿದ್ದ ಡ್ರಮ್ಮಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ಪಂಜರ ಏರುವಾಗ ಇನ್ನೊಂದು ಇಳಿದು ಎರಡರ ತೂಕವೂ ಸರಿದೂಗುವಂತೆ ಏರ್ಪಡಿಸುವುದು ಇಂಥ ಬಾವಿಗಳಲ್ಲಿ ಸಾಮಾನ್ಯ ಪದ್ಧತಿ. ಈ ಯಂತ್ರವನ್ನು ನಡೆಸುವವನೇ ವೈಂಡಿಂಗ್ ಎಂಜಿನ್ ಡ್ರೈವರ್.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಡ್ರೈವರನಿಗೆ ತಾನು ಇಳಿಸುತ್ತಿರುವ ಜನರು ಕಾಣಿಸುವುದಿಲ್ಲ. ಪಂಜರವು ಎಲ್ಲಿದೆಯೆಂಬುದನ್ನು ಆಳಸೂಚಕದ ಮುಳ್ಳಿನಿಂದ ತಿಳಿಯಬೇಕು; ಕೆಳಗಿನವರ ಇಚ್ಛೆಯನ್ನು ಗಂಟೆಯ ಹೊಡೆತಗಳಿಂದ ಅರಿಯಬೇಕು. ಚಲನೆಯಲ್ಲಿರುವಾಗ ಒಂದೇ ಹೊಡೆತವೆಂದರೆ ‘ನಿಲ್ಲಿಸು’ ಎಂದರ್ಥ. ಹೀಗೆ ಪಂಜರದಲ್ಲಿ ನಿಂತವರೆಲ್ಲರ ಜೀವವೂ ದೂರದಲ್ಲಿ ಕುಳಿತ ಒಬ್ಬನ ಎಚ್ಚರವನ್ನು ಅವಲಂಬಿಸಿತ್ತು. ಆತನ ತಲೆ ಸುತ್ತಿದರೆ, ಎದೆ ನೊಂದರೆ, ಅಥವಾ ಕ್ಷಣಕಾಲ ಗಮನ ಬೇರೆಡೆಗೆ ಹರಿದರೆ, ಏರುವ ಪಂಜರವು ನಿಲ್ಲಬೇಕಾದ ಎಡೆಯನ್ನು ದಾಟಿ ಗೋಪುರದ ಗಾಲಿಗೆ ಅಪ್ಪಳಿಸಬಹುದು. ಅದೇ ಹೊತ್ತಿನಲ್ಲಿ ಇಳಿಯುವ ಪಂಜರವು ಬಾವಿಯ ತಳಕ್ಕೆ ಬಡಿಯಬಹುದು. ಈ ಬಗೆಯ ಅಪಘಾತಕ್ಕೆ ಗಣಿಗಾರರು ಓವರ್‌ವೈಂಡಿಂಗ್ ಎಂದು ಹೆಸರಿಟ್ಟರು.

3. ಎಚ್ಚರವನ್ನು ಯಂತ್ರಕ್ಕೆ ಕಲಿಸಿದ ಬಗೆ

ಮೊದಲಿಗೆ ಈ ಅಪಾಯಕ್ಕೆ ಜಗತ್ತಿನ ಗಣಿಗಾರರು ಕಂಡ ಮದ್ದು ನುರಿತ ಡ್ರೈವರನನ್ನು ಆರಿಸಿಕೊಳ್ಳುವುದೊಂದೇ. ಅದು ಸಾಲದೆಂದು ಅನುಭವವು ಕಲಿಸಿತು. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಎಡ್ವರ್ಡ್ ಆರ್ಮರಾಡ್ ಎಂಬಾತನು 1860ರ ದಶಕದಲ್ಲಿ ಕಳಚುಕೊಕ್ಕೆಯೊಂದನ್ನು ರೂಪಿಸಿದನು. ಇದು ಹಗ್ಗಕ್ಕೂ ಪಂಜರಕ್ಕೂ ನಡುವೆ ಇರತಕ್ಕದ್ದು. ಪಂಜರವು ಮಿತಿಮೀರಿ ಮೇಲೇರಿದರೆ ಕೊಕ್ಕೆಯು ಗೋಪುರದಲ್ಲಿ ಬಿಗಿದಿಟ್ಟ ಬಳೆಯೊಳಗೆ ನುಗ್ಗುತ್ತದೆ. ಆಗ ಅದರ ಫಲಕಗಳು ಒತ್ತಲ್ಪಟ್ಟು ಹಗ್ಗವು ಬಿಡುಗಡೆಯಾಗುತ್ತದೆ. ಅದೇ ಚಲನೆಯಿಂದ ಫಲಕಗಳ ಬೇರೊಂದು ಅಂಚು ಹೊರಚಾಚಿ ಬಳೆಯ ಮೇಲೆ ಕುಳಿತು, ಪಂಜರವು ಬೀಳದೆ ತೂಗಿ ನಿಲ್ಲುತ್ತದೆ. ಹಗ್ಗ ಕಳಚಬೇಕು, ಪಂಜರ ಬೀಳಬಾರದು ಎಂಬ ಎರಡು ವಿರುದ್ಧ ಕಾರ್ಯಗಳನ್ನು ಒಂದೇ ಲೋಹದ ತುಂಡು ನೆರವೇರಿಸುವುದು ಇದರ ಹಿರಿಮೆ.

ಮುಂದೆ ವೇಗ ಮಿತಿಮೀರಿದರೆ ತಾನಾಗಿಯೇ ಶಕ್ತಿಯನ್ನು ಕಡಿದು ಬ್ರೇಕು ಹಾಕುವ ನಿಯಂತ್ರಕಗಳು ಬಂದವು. ಇದಕ್ಕಿಂತ ಮೂಲಭೂತವಾದ ಬದಲಾವಣೆಯು ಬ್ರೇಕಿನ ರಚನೆಯಲ್ಲಾಯಿತು. ಬ್ರೇಕನ್ನು ಹಾಕಲು ಶಕ್ತಿ ಬೇಕಾಗುವಂತೆ ಯಂತ್ರವನ್ನು ಕಟ್ಟಿದರೆ, ಶಕ್ತಿ ಹೋದ ಗಳಿಗೆಯಲ್ಲಿ ಬ್ರೇಕೂ ಹೋಯಿತು. ಅದಕ್ಕೆ ಬದಲಾಗಿ ಭಾರದ ಗುಂಡುಗಳಿಂದಲೋ ಬಿಗಿದ ಸ್ಪ್ರಿಂಗುಗಳಿಂದಲೋ ಬ್ರೇಕು ಸದಾ ಹಿಡಿದಿರುವಂತೆ ಮಾಡಿ, ಅದನ್ನು ಸಡಿಲಿಸಿ ಎತ್ತಿಹಿಡಿಯಲು ಮಾತ್ರ ಹಬೆ, ಒತ್ತಿದ ಗಾಳಿ ಅಥವಾ ವಿದ್ಯುತ್ತನ್ನು ಬಳಸಿದರೆ, ಶಕ್ತಿಯು ತಪ್ಪಿದೊಡನೆ ಯಂತ್ರವು ನಿಲ್ಲುತ್ತದೆ. ನಿಲ್ಲುವುದು ಯಂತ್ರದ ಸಹಜ ಸ್ಥಿತಿ, ಚಲಿಸುವುದು ಅನುಮತಿ ಪಡೆದ ಸ್ಥಿತಿ ಎಂಬ ತತ್ತ್ವ ಹೀಗೆ ನೆಲೆಗೊಂಡಿತು. ಹಿಮವಾಹನದ ಹುರಿಯೂ ಈ ತತ್ತ್ವದ ಸಂತಾನವೇ: ಸವಾರನು ಆಸನದಲ್ಲಿ ಇರುವಷ್ಟು ಕಾಲ ಮಾತ್ರ ಎಂಜಿನ್ನಿಗೆ ಅನುಮತಿ.

ಸ್ವತಂತ್ರ ಭಾರತದಲ್ಲಿ 1952ರ ಗಣಿ ಕಾಯಿದೆಯೂ ಅದರ ಅನುಸಾರ 1961ರಲ್ಲಿ ಹೊರಟ ಲೋಹಗಣಿಗಳ ನಿಯಮಾವಳಿಯೂ ಡ್ರೈವರನ ಅರ್ಹತಾಪತ್ರ, ಸಂಕೇತಗಳು, ಆಳಸೂಚಕ, ಬ್ರೇಕು ಮೊದಲಾದವನ್ನು ಕಟ್ಟುನಿಟ್ಟಾಗಿ ವಿಧಿಸಿದವು. ಕಾನೂನು ಡ್ರೈವರನ ನೈಪುಣ್ಯವನ್ನು ಅಲ್ಲಗಳೆಯಲಿಲ್ಲ. ಆತನಿಗೆ ಪರೀಕ್ಷೆಯನ್ನೂ ಇಟ್ಟಿತು, ಆತನ ಬೆನ್ನ ಹಿಂದೆ ಸಾಧನವನ್ನೂ ನಿಲ್ಲಿಸಿತು.

4. ಸಾಧನವೂ ಸೋಲಬಹುದು

ಇಂಥ ಸಾಧನವಿದ್ದ ಮಾತ್ರಕ್ಕೆ ಅಪಾಯವು ನೀಗಿತೆಂದು ತಿಳಿಯಲಾಗದು. ಇದಕ್ಕೆ ಹೊರನಾಡುಗಳ ಎರಡು ಉದಾಹರಣೆಗಳನ್ನು ನೋಡಬಹುದು.

1973ರ ಜುಲೈ 30ರಂದು ಇಂಗ್ಲೆಂಡಿನ ಡರ್ಬಿಷೈರಿನ ಮಾರ್ಕಂ ಕಲ್ಲಿದ್ದಲ ಗಣಿಯಲ್ಲಿ 29 ಜನರನ್ನು ಹೊತ್ತು ಇಳಿಯುತ್ತಿದ್ದ ಪಂಜರವು ತಳಕ್ಕೆ ಬಡಿದು 18 ಜನರು ಸತ್ತರು. ಡ್ರೈವರನು ಎಚ್ಚರವಾಗಿಯೇ ಇದ್ದನು. ತುರ್ತು ನಿಲುಗಡೆಯ ಗುಂಡಿಯನ್ನೂ ಒತ್ತಿದನು. ಆದರೆ ಬ್ರೇಕಿನ ಒಂದು ಉಕ್ಕಿನ ಸಲಾಕೆಯು ಬಹುಕಾಲದ ದಣಿವಿನಿಂದ ಬಿರುಕುಬಿಟ್ಟು ಅಂದು ತುಂಡಾಗಿತ್ತು. ರಕ್ಷಣೆಯೆಲ್ಲವೂ ಒಂದೇ ಸಲಾಕೆಯ ಮೇಲೆ ನಿಂತಿದ್ದುದರಿಂದ ಗುಂಡಿಯನ್ನು ಒತ್ತಿಯೂ ಫಲವಾಗಲಿಲ್ಲ.

ಎರಡನೆಯದು ರೈಲ್ವೆಗೆ ಸೇರಿದುದು. ವಿದ್ಯುತ್ ರೈಲುಗಳಲ್ಲಿ ಚಾಲಕನು ಹಿಡಿಯನ್ನೋ ಪೆಡಲನ್ನೋ ಸದಾ ಒತ್ತಿಹಿಡಿದಿರಬೇಕು, ಬಿಟ್ಟೊಡನೆ ಬ್ರೇಕು ಬೀಳಬೇಕು ಎಂಬ ಏರ್ಪಾಡು ಇಪ್ಪತ್ತನೆಯ ಶತಮಾನದ ಆದಿಯಿಂದಲೂ ಬಳಕೆಯಲ್ಲಿದೆ. 2003ರ ಜನವರಿ 31ರಂದು ಆಸ್ಟ್ರೇಲಿಯದ ವಾಟರ್‌ಫಾಲ್ ಎಂಬಲ್ಲಿ ಚಾಲಕನೊಬ್ಬನಿಗೆ ಹೃದಯಾಘಾತವಾಯಿತು. ಪ್ರಜ್ಞೆ ತಪ್ಪಿದ ದೇಹದ ಕಾಲಿನ ಭಾರವೇ ಪೆಡಲನ್ನು ಒತ್ತಿಹಿಡಿಯಿತು. ರೈಲು ತಿರುವಿನಲ್ಲಿ ಹಳಿತಪ್ಪಿ, ಚಾಲಕನೂ ಸೇರಿ ಏಳು ಮಂದಿ ಮೃತಪಟ್ಟರು. ಚಾಲಕನು ಇದ್ದಾನೆಯೇ ಎಂಬ ಪ್ರಶ್ನೆಗೆ ಪೆಡಲು ಉತ್ತರ ಕೊಡುತ್ತಿತ್ತು. ಎಚ್ಚರವಾಗಿದ್ದಾನೆಯೇ ಎಂಬುದು ಅದಕ್ಕೆ ತಿಳಿಯದು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಭಾರತೀಯ ರೈಲ್ವೆಯ ವಿದ್ಯುತ್ ಎಂಜಿನುಗಳಲ್ಲಿ ಜಾಗೃತಿ ನಿಯಂತ್ರಣ ಸಾಧನವನ್ನು ಇರಿಸಿದ್ದಾರೆ. ಚಾಲಕನು ಸುಮಾರು ಒಂದು ನಿಮಿಷ ಕಾಲ ಯಾವ ಕ್ರಿಯೆಯನ್ನೂ ನಡೆಸದಿದ್ದರೆ ಅದು ದೀಪದಿಂದಲೂ ಸದ್ದಿನಿಂದಲೂ ಎಚ್ಚರಿಸುತ್ತದೆ. ಪ್ರತ್ಯುತ್ತರ ಬಾರದಿದ್ದರೆ ಬ್ರೇಕು ಹಾಕುತ್ತದೆ.

5. ಹಿಮವಾಹನದ ವಿಚಾರ

ಈ ಹಿನ್ನೆಲೆಯಲ್ಲಿ ಮೂಲಪ್ರಶ್ನೆಗೆ ಬರೋಣ. ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬಾತನು 1959ರಲ್ಲಿ ಮಾರುಕಟ್ಟೆಗೆ ತಂದ ಸ್ಕಿ-ಡೂ ಎಂಬ ಹಗುರ ವಾಹನದಿಂದ ಹಿಮವಾಹನವು ಜನಸಾಮಾನ್ಯರಿಗೂ ಪರಿಚಿತವಾಯಿತು. ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದ ಪ್ರವಾಸಿಗಳು ಇದನ್ನು ಬಾಡಿಗೆಗೆ ಏರುತ್ತಾರೆ.

ಇದರ ವೇಗವನ್ನು ಹೆಚ್ಚಿಸುವುದು ಬಲ ಹೆಬ್ಬೆರಳಿನಿಂದ ಒತ್ತುವ ಸನ್ನೆ. ಬೆರಳು ತೆಗೆದೊಡನೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ನಿನ ವೇಗ ತಗ್ಗಿ ಕ್ಲಚ್ಚು ಬಿಟ್ಟುಕೊಳ್ಳುತ್ತದೆ. ಹೀಗಿರುವಾಗ ಹುರಿಯು ಅನಾವಶ್ಯಕವೆಂದು ವಾದಿಸುವವರಿಗೆ ಒಂದು ಬಲವಾದ ಆಧಾರವೇ ದೊರೆತಂತಾಯಿತು. ಆದರೆ ಇದು ಸ್ಪ್ರಿಂಗು ಸರಿಯಾಗಿ ಕೆಲಸಮಾಡುವ ದಿನದ ಮಾತು. ಹಿಮದ ನೀರು ಸನ್ನೆಯ ತಂತಿಯೊಳಗೆ ಇಳಿದು ಹೆಪ್ಪುಗಟ್ಟಿದರೆ, ಅಥವಾ ಬಿದ್ದ ಪೆಟ್ಟಿಗೆ ಸನ್ನೆಯು ಬಾಗಿದರೆ, ಎಂಜಿನ್ನು ತೆರೆದ ವೇಗದಲ್ಲೇ ಉಳಿದು, ಸವಾರನಿಲ್ಲದ ವಾಹನವು ಮುಂದೆ ಧಾವಿಸುತ್ತದೆ. ಮಾರ್ಕಂ ಗಣಿಯ ಪಾಠವು ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಒಂದೇ ಸ್ಪ್ರಿಂಗಿನ ಮೇಲೆ ರಕ್ಷಣೆಯನ್ನೆಲ್ಲ ಹೊರಿಸಬಾರದು.

ಸವಾರನಿಲ್ಲದೆ ಓಡುವ ವಾಹನದಿಂದ ಆಗುವ ಹಾನಿ ಎರಡು ತೆರನಾದುದು. ಹಿಂದುಮುಂದಿನ ಸವಾರರಿಗೂ ದಾರಿಯ ಜನರಿಗೂ ಅದು ಬಡಿಯಬಹುದು. ಎರಡನೆಯದು ಅಷ್ಟಾಗಿ ಕಣ್ಣಿಗೆ ಬೀಳದ ಹಾನಿ. ಊರಿನಿಂದ ಬಹುದೂರ ಆಳವಾದ ಹಿಮದಲ್ಲಿ ಬಿದ್ದವನಿಗೆ ವಾಹನವೇ ಮನೆಗೆ ಮರಳುವ ಏಕೈಕ ಮಾರ್ಗ. ಅದು ನೂರು ಗಜ ದೂರ ಹೋಗಿ ಮರಕ್ಕೆ ಬಡಿದರೂ, ಗಾಯಗೊಂಡವನ ಪಾಲಿಗೆ ಆ ದೂರವು ಪ್ರಾಣಾಂತಕವಾಗಬಹುದು. ಅಲ್ಲಿ ಪೆಟ್ಟಿಗಿಂತ ಚಳಿಯೇ ದೊಡ್ಡ ಶತ್ರು.

ಹುರಿಯ ವಿರುದ್ಧ ಹೇಳುವ ಆಕ್ಷೇಪಗಳನ್ನೂ ಪರಿಶೀಲಿಸಬೇಕು. ಬೆಟ್ಟದ ಇಳಿಜಾರಿನಲ್ಲಿ ಸವಾರನು ಎದ್ದುನಿಂತು ಪಕ್ಕಕ್ಕೆ ಬಾಗಿದಾಗ ಹುರಿಯು ಅಕಾಲದಲ್ಲಿ ಕಳಚಿ, ಎಂಜಿನ್ನು ಬೇಕಾದಾಗಲೇ ನಿಲ್ಲಬಹುದೆಂಬುದು ಮೊದಲನೆಯದು. ಇದು ಹುರಿಯ ಅಳತೆಗೆ ಸಂಬಂಧಿಸಿದ ದೋಷ. ಹಿಗ್ಗುವ ಸುರುಳಿ ಹುರಿಯಿಂದ ಇದನ್ನು ಬಹುಮಟ್ಟಿಗೆ ನಿವಾರಿಸಬಹುದು. ಹುರಿಯಿದೆಯೆಂಬ ಧೈರ್ಯದಿಂದ ಸವಾರನು ಅಜಾಗರೂಕನಾಗುತ್ತಾನೆಂಬುದು ಎರಡನೆಯದು. ಕಳಚುಕೊಕ್ಕೆಯಿದ್ದ ಮಾತ್ರಕ್ಕೆ ಗಣಿಗಳು ಅರ್ಹತಾಪತ್ರವಿಲ್ಲದ ಡ್ರೈವರನನ್ನು ಕೂರಿಸಲಿಲ್ಲವೆಂಬುದೇ ಇದಕ್ಕೆ ಉತ್ತರ. ಸ್ವಿಚ್ಚೇ ಕೆಟ್ಟಿರಬಹುದೆಂಬುದು ಮೂರನೆಯದು, ಮತ್ತು ಅತ್ಯಂತ ತೂಕದ ಆಕ್ಷೇಪ. ಪ್ರತಿದಿನವೂ ಹೊರಡುವ ಮುನ್ನ ಹುರಿಯನ್ನು ಎಳೆದು ಎಂಜಿನ್ನು ನಿಲ್ಲುವುದೇ ಎಂದು ನೋಡುವುದಲ್ಲದೆ ಇದಕ್ಕೆ ಬೇರೆ ಪರಿಹಾರವಿಲ್ಲ. ಹುರಿಯನ್ನು ವಾಹನದ ಹಿಡಿಗೇ ಕಟ್ಟಿಬಿಡುವುದಂತೂ ವಾಟರ್‌ಫಾಲಿನ ಪೆಡಲಿನಂತೆ, ಇಲ್ಲದ ಸವಾರನನ್ನು ಇದ್ದಾನೆಂದು ಯಂತ್ರಕ್ಕೆ ನಂಬಿಸಿದಂತೆ.

6. ಕಡ್ಡಾಯವೋ ಇಚ್ಛೆಯೋ?

ಧರಿಸುವುದು ಒಳ್ಳೆಯದೆಂದು ಒಪ್ಪಿದ ಮೇಲೂ ಅದನ್ನು ವಿಧಿಸಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಗಣಿಯಲ್ಲಿ ಡ್ರೈವರನ ತಪ್ಪಿಗೆ ಸಾಯುವವರು ಇತರರು. ಆದುದರಿಂದ ಕಾನೂನಿನ ಅಧಿಕಾರವನ್ನು ಯಾರೂ ಪ್ರಶ್ನಿಸಲಿಲ್ಲ. ಹಿಮವಾಹನದ ಸವಾರನು ಹೆಚ್ಚಾಗಿ ತನ್ನ ಪ್ರಾಣವನ್ನೇ ಒಡ್ಡುತ್ತಾನೆ.

ಈ ಸಂದರ್ಭದಲ್ಲಿ ಇದೇ ಗಣಿಪ್ರದೇಶದ ಇನ್ನೊಂದು ಘಟನೆಯನ್ನು ಸ್ಮರಿಸುವುದು ಉಚಿತ. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ ಇಲ್ಲಿ ದೊಡ್ಡ ಮುಷ್ಕರವಾಯಿತು. ಆಡಳಿತದ ಅನುಕೂಲಕ್ಕಾಗಿ ಮನುಷ್ಯನ ದೇಹಕ್ಕೆ ಹಾಕಿದ ಗುರುತನ್ನು ಕಾರ್ಮಿಕರು ಸಹಿಸಲಿಲ್ಲ. ಅದೇ ಕಾರ್ಮಿಕರು ಪಂಜರದ ಬಾಗಿಲನ್ನೂ ಗಂಟೆಯ ಸಂಕೇತವನ್ನೂ ತಮ್ಮ ರಕ್ಷಣೆಯೆಂದು ಒಪ್ಪಿ ಪಾಲಿಸುತ್ತಿದ್ದರು. ಬಂಧನವು ಯಾರ ಹಿತಕ್ಕಾಗಿ ಎಂಬುದು ಸ್ಪಷ್ಟವಾಗಿರುವಲ್ಲಿ ಮಾತ್ರ ಕಟ್ಟುಪಾಡು ನಿಲ್ಲುತ್ತದೆಂದು ಇದರಿಂದ ಊಹಿಸಬಹುದು.

ದೋಣಿಗಳ ವಿಷಯದಲ್ಲಿ ಕಾನೂನು ಈಗಾಗಲೇ ಮುಂದುವರಿದಿದೆ. ನಮ್ಮ ಕರಾವಳಿಯ ನಾಡದೋಣಿಗಳಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನುಗಳಿಗೂ ಇಂಥದೇ ಹುರಿಯುಂಟು. ನಡೆಸುವವನು ನೀರಿಗೆ ಬಿದ್ದರೆ ದೋಣಿಯು ಸುತ್ತು ಹೊಡೆದು, ತಿರುಗುವ ರೆಕ್ಕೆಗಳೊಡನೆ ಅವನ ಮೇಲೆಯೇ ಬರಬಹುದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 26 ಅಡಿಗಿಂತ ಚಿಕ್ಕದಾದ ಯಂತ್ರದೋಣಿಗಳು ವೇಗವಾಗಿ ಚಲಿಸುವಾಗ, ಅಂಥ ಸಾಧನವು ಇದ್ದಲ್ಲಿ ಅದನ್ನು ಬಳಸಲೇಬೇಕೆಂಬ ನಿಯಮವು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವಿಷ್ಟು. ಹಿಮವಾಹನದ ಸವಾರನು ಹುರಿಯನ್ನು ಧರಿಸಲೇಬೇಕು. ಬಾಡಿಗೆಯ ವಾಹನಗಳಲ್ಲಿ ಅದನ್ನು ಕಡ್ಡಾಯಮಾಡುವುದು ನ್ಯಾಯವಾದುದು. ಏಕೆಂದರೆ ಅಲ್ಲಿ ಏರುವವನು ಹೊಸಬ, ಸುತ್ತಲೂ ಜನಸಂದಣಿ. ನುರಿತ ಸವಾರರಿಗೆ ಗಣಿಯ ಪದ್ಧತಿಯೇ ಮಾದರಿಯಾಗಲಿ: ಮೊದಲು ಅಭ್ಯಾಸ, ಜೊತೆಗೆ ಸಾಧನ, ದಿನದಿನವೂ ಪರೀಕ್ಷೆ. ಊರಿಗಾಂ ಬಾವಿಗಳಲ್ಲಿ ಇಂದು ನೀರು ನಿಂತಿದೆ, ಪಂಜರಗಳು ಇಳಿಯುವುದಿಲ್ಲ. ಆದರೆ ಅತ್ಯುತ್ತಮನಾದ ಚಾಲಕನಿಗೂ ಒಂದು ಗಳಿಗೆ ಕೈತಪ್ಪಬಹುದು, ಆ ಗಳಿಗೆಗಾಗಿ ಯಂತ್ರವನ್ನು ಮೊದಲೇ ಸಿದ್ಧಪಡಿಸಿಡಬೇಕು ಎಂಬ ಅಲ್ಲಿನ ವಿವೇಕಕ್ಕೆ ಇನ್ನೂ ಬೆಲೆಯಿದೆ.