ಮಾಲೀಕರಿಲ್ಲದ ವೇಳೆಯ ಕರೆ
ಆನ್ಸರಿಂಗ್ ಮಷಿನ್ ಉಳ್ಳ ಕಾರ್ಡ್‌ಲೆಸ್ ದೂರವಾಣಿ ಕೊಳ್ಳುವ ಮುನ್ನ ವ್ಯಾಪಾರಸ್ಥರು ಅರಿತಿರಬೇಕಾದ ಅಂಶಗಳು

ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಒಂದೇ ಹೆದ್ದಾರಿಯ ಮೇಲಿರುವ ವ್ಯಾಪಾರಿ ಊರುಗಳು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಅದನ್ನೇ ನಂಬಿದ ಅಕ್ಕಿ ಗಿರಣಿಗಳು, ಹತ್ತಿ ಹಾಗೂ ತೊಗರಿಯ ಅಡತಿ ಅಂಗಡಿಗಳು, ಟ್ರ್ಯಾಕ್ಟರ್ ಬಿಡಿಭಾಗಗಳ ಮಳಿಗೆಗಳು ಈ ಭಾಗದ ವಹಿವಾಟಿನ ಜೀವಾಳ. ಇಲ್ಲಿನ ಅನೇಕ ಕುಟುಂಬಗಳಲ್ಲಿ ಅಂಗಡಿ ಮುಂದೆ, ಮನೆ ಹಿಂದೆ ಅಥವಾ ಮಹಡಿಯ ಮೇಲೆ. ಎರಡಕ್ಕೂ ಸೇರಿ ಒಂದೇ ಸ್ಥಿರ ದೂರವಾಣಿ. ಮೊಬೈಲ್ ಎಲ್ಲರ ಕೈಗೆ ಬಂದ ಮೇಲೂ ಬಿಲ್ ಪುಸ್ತಕದಲ್ಲಿ, ನಾಮಫಲಕದಲ್ಲಿ, ಹಳೆಯ ಗಿರಾಕಿಗಳ ಡೈರಿಯಲ್ಲಿ ಉಳಿದಿರುವುದು ಆ ಸಂಖ್ಯೆಯೇ.

ಮಾಲೀಕರು ಗಂಜಿನಲ್ಲಿ ಸವಾಲಿನ ಮುಂದೆ ನಿಂತಿರುವಾಗ ಮನೆಯಲ್ಲಿ ಆ ದೂರವಾಣಿ ಮೊಳಗುತ್ತದೆ. ಹಿರಿಯರು ಕರೆ ಸ್ವೀಕರಿಸಿದರೂ ಹೆಸರು ನೆನಪಿದ್ದರೆ ದರ ನೆನಪಿರದು, ದರ ನೆನಪಿದ್ದರೆ ಲಾರಿಯ ದಿನ ನೆನಪಿರದು. ಇಂತಹ ಸಂದರ್ಭಕ್ಕಾಗಿಯೇ ಆನ್ಸರಿಂಗ್ ಮಷಿನ್ ಅಡಕವಾಗಿರುವ ಕಾರ್ಡ್‌ಲೆಸ್ ದೂರವಾಣಿಗಳು ತಯಾರಾಗಿವೆ. ಆದರೆ ಬಣ್ಣ, ಬೆಲೆಗಳನ್ನಷ್ಟೇ ನೋಡಿ ಕೊಂಡ ಉಪಕರಣವು ಲಾಭದ ಬದಲು ತಕರಾರನ್ನೂ ತರಬಲ್ಲದು.

1. ವಿದ್ಯುತ್ ಇಲ್ಲದಾಗ ಏನು?

ಹಳೆಯ ತಂತಿಯ ದೂರವಾಣಿಗೆ ಮನೆಯ ವಿದ್ಯುತ್ ಬೇಕಿರಲಿಲ್ಲ. ತಾಮ್ರದ ತಂತಿಯಲ್ಲಿ ವಿನಿಮಯ ಕೇಂದ್ರದಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಕಾರ್ಡ್‌ಲೆಸ್ ದೂರವಾಣಿಯ ಮೂಲ ಘಟಕಕ್ಕೆ ಮಾತ್ರ ಮನೆಯ ವಿದ್ಯುತ್ತೇ ಆಧಾರ. ವಿದ್ಯುತ್ ಹೋದೊಡನೆ ಕೈಫೋನಿನಲ್ಲಿ ಬ್ಯಾಟರಿ ಇದ್ದರೂ ಮಾತು ನಿಲ್ಲುತ್ತದೆ. ಸಂದೇಶ ದಾಖಲಾಗುವುದೂ ನಿಲ್ಲುತ್ತದೆ. ಸಂಪರ್ಕವು ಆಪ್ಟಿಕಲ್ ಫೈಬರ್ ಮೂಲಕ ಬಂದಿದ್ದರೆ ಫೈಬರ್ ಪೆಟ್ಟಿಗೆಗೂ ವಿದ್ಯುತ್ ಬೇಕು. ಆದ್ದರಿಂದ ಇವೆರಡನ್ನೂ ಇನ್ವರ್ಟರ್ ಅಥವಾ ಚಿಕ್ಕ ಯುಪಿಎಸ್‌ಗೆ ಜೋಡಿಸುವ ಖರ್ಚನ್ನು ಉಪಕರಣದ ಬೆಲೆಯೊಡನೆಯೇ ಲೆಕ್ಕ ಹಾಕತಕ್ಕದ್ದು. ತಾಮ್ರದ ತಂತಿ ಇನ್ನೂ ಉಳಿದಿರುವಲ್ಲಿ ಒಂದು ಸಾದಾ ದೂರವಾಣಿಯನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ವಿದ್ಯುತ್ ಮರಳಿ ಬಂದಾಗ ಯಂತ್ರದ ಗಡಿಯಾರ ಸರಿಯಾಗಿಯೇ ಇದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಪ್ಲಗ್ ತೆಗೆದು, ಮತ್ತೆ ಹಾಕಿ ಪರೀಕ್ಷಿಸಿರಿ. ತಪ್ಪು ಸಮಯ ಹೇಳುವ ಸಂದೇಶ ವ್ಯಾಪಾರಿಗೆ ಅರ್ಧ ಸಂದೇಶವಷ್ಟೇ.

2. ಗೋದಾಮಿನವರೆಗೆ ತಲುಪುವುದೇ?

ಡೆಕ್ಟ್ ತಂತ್ರಜ್ಞಾನದ ಉಪಕರಣಗಳ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಕಟ್ಟಡದೊಳಗೆ 50 ಮೀಟರ್, ಬಯಲಿನಲ್ಲಿ 300 ಮೀಟರ್ ಎಂದು ಮುದ್ರಿಸಿರುತ್ತಾರೆ. ಕಲ್ಲಿನ ದಪ್ಪ ಗೋಡೆ, ತಗಡಿನ ಛಾವಣಿ, ಕಬ್ಬಿಣದ ಷಟರ್ ಅಡ್ಡ ಬಂದಲ್ಲಿ ಈ ಅಂತರ ಬಹಳಷ್ಟು ಕುಗ್ಗುತ್ತದೆ. ಗಿರಣಿ ಅಥವಾ ಗೋದಾಮು ಉಳ್ಳವರು ಹೆಚ್ಚುವರಿ ಕೈಫೋನು ಹಾಗೂ ರಿಪೀಟರ್ ಜೋಡಿಸಬಹುದಾದ ಮಾದರಿಯನ್ನೇ ಆರಿಸುವುದು ಒಳಿತು. ಎರಡು ಕೈಫೋನುಗಳಿದ್ದರೆ ಮನೆ ಮತ್ತು ಅಂಗಡಿಯ ನಡುವೆ ಖರ್ಚಿಲ್ಲದ ಇಂಟರ್‌ಕಾಮ್ ಸೌಲಭ್ಯವೂ ದೊರೆಯುತ್ತದೆ.

ವಿದೇಶದಲ್ಲಿರುವ ಬಂಧುಗಳು ತಂದುಕೊಡುವ ಉಪಕರಣದ ವಿಷಯದಲ್ಲಿ ಎಚ್ಚರ ಅಗತ್ಯ. ಅಮೆರಿಕದ ಕಾರ್ಡ್‌ಲೆಸ್ ದೂರವಾಣಿಗಳು 1920ರಿಂದ 1930 ಮೆಗಾಹರ್ಟ್ಸ್ ತರಂಗಗಳನ್ನು ಬಳಸುತ್ತವೆ. ನಮ್ಮಲ್ಲಿ ಅವು ಮೊಬೈಲ್ ಸೇವೆಗೆ ಮೀಸಲಾದ ತರಂಗಗಳು. ನಮ್ಮ ಮಾರುಕಟ್ಟೆಗೆಂದೇ ತಯಾರಾದ, ಬಿಲ್ ಮತ್ತು ವಾರಂಟಿ ಇರುವ ಉಪಕರಣವನ್ನೇ ಕೊಳ್ಳಿರಿ. ಬ್ಯಾಟರಿಯು ಎಲ್ಲೆಡೆ ಸಿಗುವ ಎಎಎ ಅಳತೆಯ ರೀಚಾರ್ಜಬಲ್ ಸೆಲ್ ಆಗಿದ್ದರೆ ಎರಡು ವರ್ಷಗಳ ನಂತರ ಪರದಾಡಬೇಕಿಲ್ಲ. ಸಾದಾ ಸೆಲ್ಲುಗಳನ್ನು ಮಾತ್ರ ಎಂದಿಗೂ ಹಾಕಕೂಡದು.

3. ಎಷ್ಟು ಸಂದೇಶ, ಯಾರ ಕಿವಿಗೆ?

ಯಂತ್ರದ ಸಾಮರ್ಥ್ಯವನ್ನು ನಿಮಿಷಗಳಲ್ಲಿ ಹೇಳಲಾಗುತ್ತದೆ. 15 ನಿಮಿಷಗಳ ಯಂತ್ರದಲ್ಲಿ ಒಂದೊಂದು ನಿಮಿಷದ ಹದಿನೈದು ಸಂದೇಶಗಳಾದರೆ ಮುಗಿಯಿತು. ಹದಿನಾರನೆಯ ಗಿರಾಕಿಗೆ ಯಂತ್ರ ಮೌನ. ಮಸ್ಕಿಯ ಬಂಡೆಯ ಮೇಲೆ ಬರೆಸಿದ ಮಾತು ಎರಡು ಸಾವಿರ ವರ್ಷ ಉಳಿದು, 1915ರಲ್ಲಿ ಬೆಳಕಿಗೆ ಬಂದು, ಅಶೋಕನ ಹೆಸರನ್ನೇ ನಾಡಿಗೆ ತಿಳಿಸಿತು. ಚಿಪ್ಪಿನಲ್ಲಿ ಬರೆದ ಮಾತು ಅಂತಹುದಲ್ಲ. ಪ್ರತಿ ಸಂಜೆ ಸಂದೇಶಗಳನ್ನು ಕೇಳಿ, ದಿನಾಂಕ ಹಾಗೂ ವೇಳೆಯೊಡನೆ ಪುಸ್ತಕದಲ್ಲಿ ಬರೆದುಕೊಂಡ ನಂತರವೇ ಅಳಿಸತಕ್ಕದ್ದು.

ಕೆಲವು ಯಂತ್ರಗಳು ಸಂದೇಶ ದಾಖಲಾಗುತ್ತಿರುವಾಗಲೇ ಅದನ್ನು ಸ್ಪೀಕರಿನಲ್ಲಿ ಗಟ್ಟಿಯಾಗಿ ಕೇಳಿಸುತ್ತವೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಇನ್ನೊಬ್ಬ ದಲಾಲರಿಗೆ ನಿಮ್ಮ ಖರೀದಿದಾರರ ದರ ತಿಳಿಯಲು ಇಷ್ಟೇ ಸಾಕು. ಧ್ವನಿಯನ್ನು ಪೂರ್ಣವಾಗಿ ತಗ್ಗಿಸಿ, ಕೈಫೋನಿನಲ್ಲಿ ಮಾತ್ರ ಕೇಳುವ ಅನುಕೂಲವಿದೆಯೇ ಎಂದು ನೋಡಿರಿ. ಹೊರಗಿನಿಂದ ಕರೆ ಮಾಡಿ ಸಂದೇಶ ಕೇಳುವ ಸೌಲಭ್ಯವಿದ್ದಲ್ಲಿ ಕಾರ್ಖಾನೆಯಿಂದ ಬಂದ ಗುಪ್ತ ಸಂಖ್ಯೆಯನ್ನು ಮೊದಲ ದಿನವೇ ಬದಲಿಸಿರಿ.

4. ಒಪ್ಪಿಗೆಯ ಮಾತು ಯಂತ್ರದಲ್ಲಿ ಉಳಿದರೆ?

ಇದು ಎಲ್ಲಕ್ಕಿಂತ ಮುಖ್ಯವಾದ ಅಂಶ. 1959ರ ಜುಲೈ 22ರಂದು ಅಹಮದಾಬಾದಿನ ಒಂದು ಸಂಸ್ಥೆ ಮತ್ತು ಖಾಮಗಾಂವದ ಒಂದು ಜಿನ್ನಿಂಗ್ ಕಾರ್ಖಾನೆಯ ನಡುವೆ ಹತ್ತಿಕಾಳಿನ ಹಿಂಡಿಯ ವ್ಯವಹಾರ ದೂರವಾಣಿಯಲ್ಲಿಯೇ ಕುದುರಿತು. ಮಾಲು ಬರಲಿಲ್ಲವೆಂದು 31,150 ರೂಪಾಯಿಗಳ ದಾವೆಯಾಯಿತು. ಒಪ್ಪಂದ ಆದದ್ದು ಯಾವ ಊರಿನಲ್ಲಿ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ದೂರವಾಣಿಯ ಒಪ್ಪಂದವು ಒಪ್ಪಿಗೆಯ ಮಾತು ಪ್ರಸ್ತಾವ ಮಾಡಿದವರಿಗೆ ತಲುಪಿದ ಸ್ಥಳದಲ್ಲಿ ಆಗುತ್ತದೆಂದು 1965ರಲ್ಲಿ ಬಹುಮತದ ತೀರ್ಪು ಬಂದಿತು. ಇದೇ ಭಗವಾನದಾಸ್ ಕೇಡಿಯಾ ಪ್ರಕರಣ. ಬಾಯಿಮಾತಿನ ವ್ಯವಹಾರವೂ ದಾವೆಗೆ ಆಧಾರವಾಗಬಲ್ಲದೆಂಬುದು ಇದರಿಂದ ಸ್ಪಷ್ಟ.

ಆದರೆ ಆ ಪ್ರಕರಣದಲ್ಲಿ ಎರಡೂ ಕಡೆಯವರು ಒಂದೇ ವೇಳೆಗೆ ಮಾತನಾಡಿದ್ದರು. ಸಿಂಧನೂರಿನ ಗಿರಣಿ ಮಾಲೀಕರೊಬ್ಬರು ಬೆಳಿಗ್ಗೆ ಹೈದರಾಬಾದಿನ ಖರೀದಿದಾರರಿಗೆ ಒಂದು ಲಾರಿ ಅಕ್ಕಿಯ ದರ ಹೇಳಿದರೆಂದು ಭಾವಿಸೋಣ. ಮಧ್ಯಾಹ್ನ 3 ಗಂಟೆಗೆ ಖರೀದಿದಾರರು ಯಂತ್ರದಲ್ಲಿ "ಒಪ್ಪಿದ್ದೇವೆ, ಮಾಲು ಕಳಿಸಿರಿ" ಎಂದು ತಿಳಿಸುತ್ತಾರೆ. 5 ಗಂಟೆಗೆ ಮಾಲೀಕರು ಅದೇ ಮಾಲನ್ನು ಬೇರೆಯವರಿಗೆ ಕೊಟ್ಟು, ರಾತ್ರಿ ಮನೆಗೆ ಬಂದು ಸಂದೇಶ ಕೇಳುತ್ತಾರೆ. ಒಪ್ಪಿಗೆ 3 ಗಂಟೆಗೇ ಮುಟ್ಟಿತೆಂದು ಒಬ್ಬರು, ರಾತ್ರಿ ಕೇಳಿದಾಗ ಮುಟ್ಟಿತೆಂದು ಇನ್ನೊಬ್ಬರು ವಾದಿಸಬಹುದು. ಇಬ್ಬರಲ್ಲಿ ಯಾರು ಗೆದ್ದರೂ ಹಳೆಯ ಸಂಬಂಧ ಸೋಲುತ್ತದೆ.

ಇದಕ್ಕೆ ಪರಿಹಾರ 1872ರ ಭಾರತೀಯ ಒಪ್ಪಂದ ಕಾಯಿದೆಯಲ್ಲಿಯೇ ಇದೆ. ಪ್ರಸ್ತಾವ ಮಾಡುವವರು ಅದಕ್ಕೆ ಅವಧಿಯನ್ನು ಗೊತ್ತುಪಡಿಸಬಹುದು (ಕಲಂ 6). ಒಪ್ಪಿಗೆ ಯಾವ ರೀತಿಯಲ್ಲಿ ಬರಬೇಕೆಂಬುದನ್ನೂ ಹೇಳಬಹುದು (ಕಲಂ 7). "ಈ ದರ ಇಂದು 4 ಗಂಟೆಯವರೆಗೆ ಮಾತ್ರ, ನೇರವಾಗಿ ಮಾತನಾಡಿ ಒಪ್ಪಬೇಕು" ಎಂಬ ಒಂದು ವಾಕ್ಯ ದರದೊಡನೆ ಸೇರಲಿ. ಯಂತ್ರದ ಸ್ವಾಗತ ಸಂದೇಶವೂ ಕನ್ನಡದಲ್ಲಿ ಹೀಗಿರಬಹುದು: "ನಮಸ್ಕಾರ. ತಮ್ಮ ಹೆಸರು, ಊರು, ದೂರವಾಣಿ ಸಂಖ್ಯೆ ಹಾಗೂ ವಿಷಯ ತಿಳಿಸಿರಿ. ನಾವು ಮರಳಿ ಕರೆ ಮಾಡಿ ಖಚಿತಪಡಿಸುವವರೆಗೆ ಯಾವುದೇ ಆರ್ಡರು ಖಾಯಂ ಆಗುವುದಿಲ್ಲ." ಊರಲ್ಲಿಲ್ಲ, ಸೋಮವಾರ ಬರುತ್ತೇವೆ ಎಂಬಂತಹ ವಿವರವನ್ನು ಮಾತ್ರ ಸೇರಿಸಬಾರದು, ಅದನ್ನು ಗಿರಾಕಿಗಳಷ್ಟೇ ಕೇಳುವುದಿಲ್ಲ.

ತಕರಾರು ಬರಬಹುದೆಂದು ತೋರಿದ ಸಂದೇಶವನ್ನು ಅಳಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಡಿ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸಲು ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಮೂಲ ಯಂತ್ರವನ್ನು ಹಾಗೆಯೇ ಇರಿಸಿ ವಕೀಲರನ್ನು ಕಾಣುವುದು ಯುಕ್ತ.

5. ಲೆಕ್ಕಪತ್ರದಲ್ಲಿ

ಈ ಉಪಕರಣಕ್ಕೆ ಶೇ. 18 ಜಿಎಸ್‌ಟಿ ಇದೆ. 5,000 ರೂಪಾಯಿ ಮೂಲ ಬೆಲೆಗೆ 900 ರೂಪಾಯಿ ತೆರಿಗೆಯಾಗುತ್ತದೆ. ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ ಇದ್ದರೆ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಆದರೆ ಮನೆಯ ಬಳಕೆಯ ಪಾಲಿಗೆ ಜಮೆ ಇಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ, ಬಿಡಿ ಅಕ್ಕಿಯಂತಹ ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೂ ಜಮೆ ದೊರೆಯದು. 25 ಕಿಲೋವರೆಗಿನ ಲೇಬಲ್ ಹಚ್ಚಿದ ಚೀಲಗಳಲ್ಲಿ ಅಕ್ಕಿಯನ್ನು ಮಾರುವ ಗಿರಣಿಗಳು 2022ರ ಜುಲೈ 18ರಿಂದ ತೆರಿಗೆ ವ್ಯಾಪ್ತಿಯಲ್ಲಿವೆ. ಅವರು ತೆರಿಗೆಯುಕ್ತ ವಹಿವಾಟಿನ ಪ್ರಮಾಣದಷ್ಟು ಜಮೆ ಪಡೆಯಬಹುದು. ಆದಾಯ ತೆರಿಗೆಗೆ ಯಂತ್ರೋಪಕರಣಗಳ ಶೇ. 15ರ ಸವಕಳಿ ಅನ್ವಯಿಸುತ್ತದೆ. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿ ಕೇಳುವಂತಿಲ್ಲ.

ಗಿರಾಕಿಗಳೆಲ್ಲರೂ ಮೊಬೈಲಿಗೇ ಕರೆ ಮಾಡುವ ಅಂಗಡಿಗೆ ಈ ಖರ್ಚು ಬೇಕಾಗಿಲ್ಲ; ಸ್ಥಿರ ದೂರವಾಣಿಯ ಕರೆಗಳನ್ನು ಮೊಬೈಲಿಗೆ ವರ್ಗಾಯಿಸಿಕೊಂಡರೂ ಸಾಕು. ಹಳೆಯ ಸಂಖ್ಯೆಗೆ ದಿನವೂ ಕರೆಗಳು ಬರುತ್ತಿದ್ದರೆ ಮೊದಲು ಒಂದು ವಾರ ಉತ್ತರವಿಲ್ಲದೆ ಹೋದ ಕರೆಗಳನ್ನು ಎಣಿಸಿರಿ. ಆ ಸಂಖ್ಯೆಯೇ ಯಂತ್ರ ಬೇಕೋ ಬೇಡವೋ, ಎಷ್ಟು ನಿಮಿಷದ್ದು ಬೇಕು ಎಂಬುದನ್ನು ತಿಳಿಸುತ್ತದೆ. ಕೊಂಡ ಮೇಲೆ ದಿನವೂ ಸಂಜೆ ಮರಳಿ ಕರೆ ಮಾಡುವ ಹೊಣೆಯನ್ನು ಮನೆಯ ಅಥವಾ ಅಂಗಡಿಯ ಒಬ್ಬರಿಗೆ ಒಪ್ಪಿಸಿರಿ.